ಖಾಲಿ ಕೊಠಡಿಯಲ್ಲಿ ನೋಡಲು ಏನಿದೆ?

ಪ್ರಶ್ನೆ: ಲಿನ್ ಕೊಹೆನ್ ಅವರ ಕಪ್ಪು-ಬಿಳುಪು ಫೋಟೊಗಳನ್ನು ನೋಡಿದೆ. ತರಗತಿ, ಪ್ರಯೋಗಾಲಯ, ಸೈನಿಕ ತರಬೇತಿ ಕೇಂದ್ರ. ಎಲ್ಲೂ ಜನರಿಲ್ಲ. ‘ಒಂಟಿತನ’ ಎನ್ನುವುದು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ. ಹೇಗೆ ನೋಡಬೇಕು?

ಉತ್ತರ: ಒಂಟಿತನದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಬೇಗ ಬಾಯಿಗೆ ಬರುತ್ತದೆ, ಕಣ್ಣಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಕೊಹೆನ್ (1944–2014) ಬಳಸುತ್ತಿದ್ದದ್ದು 8×10 ಇಂಚಿನ ಫಿಲ್ಮ್ ಹಾಳೆ. ಅದರ ವಿಸ್ತೀರ್ಣ ಸಾಮಾನ್ಯ ಕ್ಯಾಮೆರಾದ 35 ಮಿ.ಮೀ. ಫಿಲ್ಮಿನ ಒಂದು ಫ್ರೇಮಿನ ಸುಮಾರು 60 ಪಟ್ಟು. ಮೂಲೆಯ ವೈರು, ಪ್ಲಗ್ಗು ಕೂಡ ಸ್ಪಷ್ಟ. ಹಾಗಾಗಿ ಅಂಚುಗಳಿಂದಲೇ ನೋಡಲು ಶುರುಮಾಡಿ.

ಅಂಚು ಮುಗಿದ ಮೇಲೆ ಕುರ್ಚಿಗಳು: ಯಾವ ಕಡೆಗೆ ತಿರುಗಿವೆ, ಕೂತವರನ್ನು ಯಾರು ಎಲ್ಲಿಂದ ನೋಡುತ್ತಾರೆ? ಆಮೇಲೆ ಬೆಳಕು. ಟ್ಯೂಬ್‌ಲೈಟ್ ಕೆಳಗೆ ನೆರಳು ತೆಳು, ಎಲ್ಲ ವಸ್ತುಗಳಿಗೂ ಒಂದೇ ತೂಕ. ಕಪ್ಪು-ಬಿಳುಪಿನ ನಿಜವಾದ ಕೆಲಸ ಕಾಣುವುದು ಇದರ ನಂತರ. ಬಣ್ಣ ಹೋದ ಮೇಲೆ ಮರಕ್ಕೂ ಮರದ ನಕಲು ಹಾಳೆಗೂ, ಗಿಡಕ್ಕೂ ಪ್ಲಾಸ್ಟಿಕ್ ಎಲೆಗೂ ಒಂದೇ ಬೂದು. ಯಾವುದು ಅಸಲಿ ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ. ಕೊಹೆನ್ ತಮ್ಮ ಚಿತ್ರಗಳಿಗೆ ಫಾರ್ಮಿಕಾದ (ಮೇಜು, ಕಪಾಟುಗಳಿಗೆ ಅಂಟಿಸುವ ಲ್ಯಾಮಿನೇಟ್ ಹಾಳೆ) ಚೌಕಟ್ಟು ಹಾಕಿಸಿದ್ದೂ ಉಂಟು. ಕೊಠಡಿಯೊಳಗಿನ ಸಾಮಗ್ರಿಯೇ ಚೌಕಟ್ಟಿಗೂ ಬಂತು.

ಶೀರ್ಷಿಕೆಯನ್ನು ಕೊನೆಗೆ ಓದಿ. ಬರೀ ‘ತರಗತಿ’, ‘ಪ್ರಯೋಗಾಲಯ’ ಎಂದಿರುತ್ತದೆ, ಊರಿನ ಹೆಸರಿಲ್ಲ. ಎಲ್ಲಿಯದು ಎಂದು ಹುಡುಕುವುದಕ್ಕಿಂತ, ಒಳಗೆ ಬಂದವರು ಹೇಗಿರಬೇಕೆಂದು ಈ ಕೊಠಡಿ ಬಯಸುತ್ತದೆ ಎಂದು ಕೇಳಿ.

ಪ್ರಶ್ನೆ: ಆಸ್ಪತ್ರೆಯ ಕಾರಿಡಾರಿನ ಫೋಟೊ ತೆಗೆದರೆ ಗೋಡೆಗಳು ವಾಲುತ್ತವೆ, ಅಡ್ಡ ಪಟ್ಟೆಗಳು ಬೀಳುತ್ತವೆ. ಏಕೆ?

ಉತ್ತರ: ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ಬಾಗಿದರೆ ಗೋಡೆ ವಾಲುತ್ತದೆ. ಟ್ರೈಪಾಡ್ ಮೇಲೆ ಮಟ್ಟವಾಗಿಡಿ. ನೆಲ ಹೆಚ್ಚಾಯಿತೆನಿಸಿದರೆ ಬಾಗಿಸಬೇಡಿ, ಟ್ರೈಪಾಡನ್ನೇ ಎತ್ತರಿಸಿ. ಪಟ್ಟೆಗೆ ಕಾರಣ ಬೇರೆ. ನಮ್ಮ ವಿದ್ಯುತ್ 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಸೆಕೆಂಡಿಗಿಂತ ವೇಗವಾದರೆ ಆ ಮಿನುಗು ಪಟ್ಟೆಯಾಗಿ ಬೀಳುತ್ತದೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 100, ಲೆನ್ಸಿನ ರಂಧ್ರ ಎಫ್/11ರಷ್ಟು ಕಿರಿದಾಗಿ ಇಟ್ಟರೆ ಶಟರ್ ತಾನಾಗಿಯೇ ನಿಧಾನವಾಗುತ್ತದೆ; 2 ಸೆಕೆಂಡಿನ ಟೈಮರ್ ಹಾಕಿ, ಕೈ ಸೋಕುವುದಿಲ್ಲ. ಎಕ್ಸ್‌ಪೋಷರ್ (ಶಟರ್ ತೆರೆದಿರುವ ಹೊತ್ತು) 8–10 ಸೆಕೆಂಡಿಗೆ ಹೋದರೆ ನಡೆದು ಹೋದವರ ಗುರುತು ಬಹುಮಟ್ಟಿಗೆ ಉಳಿಯದು, ನಿಂತವರು ಮಾತ್ರ ಮಸುಕಾಗಿ ಉಳಿಯುತ್ತಾರೆ.

ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತ) ತೆಗೆದು ಆಮೇಲೆ ಕಪ್ಪು-ಬಿಳುಪು ಮಾಡಿ. ಗೋಡೆಯ ಕೆಳಗಿನ ಹಸಿರು ಪಟ್ಟಿಯೂ ಬೂದು ಬಾಗಿಲೂ ಒಂದಕ್ಕೊಂದು ಬೆರೆತರೆ ಫೋಟೊ ತಿದ್ದುವ ತಂತ್ರಾಂಶದಲ್ಲಿ ಹಸಿರಿನ ಸ್ಲೈಡರ್ ಮಾತ್ರ ಸ್ವಲ್ಪ ಇಳಿಸಿ. ಮೊದಲೇ ಅನುಮತಿ ಪಡೆಯಿರಿ, ರೋಗಿಗಳ ಹೆಸರಿರುವ ಹಾಳೆ ಫ್ರೇಮಿನೊಳಗೆ ಬಾರದಿರಲಿ. ಮಿಕ್ಕ ಯಾವುದನ್ನೂ ಜೋಡಿಸಿಡಬೇಡಿ, ಬಕೆಟ್ ಇದ್ದಲ್ಲೇ ಇರಲಿ.