ಪ್ರಕರಣ: ಬೋರ್ಡಿನ ಮೇಲಿನ ಅಂಕಿ

ನಾನು ಆಪ್ತಸಲಹೆಗಾರಳು. ನನ್ನ ಹತ್ತಿರ ಬಂದ ಒಬ್ಬ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆದ ಮೇಲೆ ಅವಳಿಗೇ ಓದಲು ಕೊಟ್ಟೆ. ಎರಡು ಕಡೆ ತಿದ್ದಿದಳು. ಎರಡೂ ವಿಜ್ಞಾನದ ತಪ್ಪುಗಳು, ನನ್ನವು.

ಆರೋಗ್ಯ ಮತ್ತು ವ್ಯಾಯಾಮ ವಿಜ್ಞಾನದ ಎರಡನೇ ವರ್ಷ. ವಯಸ್ಸು 20ರ ಆಸುಪಾಸು. ಶಾಲೆಯಲ್ಲಿದ್ದಾಗ 800 ಮತ್ತು 1500 ಮೀಟರ್ ಓಡುತ್ತಿದ್ದಳು. ಮೊದಲ ದಿನ ನನ್ನೆದುರು ಕೂತು ಹೇಳಿದ್ದು ಒಂದೇ ಮಾತು: "ಓದಿದ್ದು ತಲೆಗೆ ಹತ್ತುತ್ತಿಲ್ಲ ಮೇಡಂ."

ಈ ಕೋರ್ಸಿನ ಮಕ್ಕಳಿಂದ ಈ ಮಾತು ನನಗೆ ಹೊಸದಲ್ಲ. ಆಟ ಇಷ್ಟ ಅಂತ ಸೇರುತ್ತಾರೆ. ಅರ್ಧ ದಿನ ಮೈದಾನದಲ್ಲೇ ಇರಬಹುದು ಅಂದುಕೊಂಡಿರುತ್ತಾರೆ. ಬಂದು ನೋಡಿದರೆ ಜೀವರಸಾಯನಶಾಸ್ತ್ರ, ಅಂಕಿಅಂಶಶಾಸ್ತ್ರ, ದೇಹದ ಚಲನೆಗೆ ಭೌತಶಾಸ್ತ್ರ ಹಚ್ಚುವ ಬಯೋಮೆಕ್ಯಾನಿಕ್ಸ್. ಸ್ನಾಯುವಿಗೆ ಶಕ್ತಿ ಒದಗಿಸುವ ಎಟಿಪಿ ಹೇಗೆ ಹುಟ್ಟುತ್ತೆ ಅನ್ನುವುದಕ್ಕೇ ವಾರಗಟ್ಟಲೆ ಪಾಠ. ಇವಳೂ ಅದೇ ಸಾಲಿನವಳು ಅಂದುಕೊಂಡೆ. ನಿದ್ದೆ ಹೇಗಿದೆ ಅಂತ ಕೇಳಿದೆ. "ಚೆನ್ನಾಗಿದೆ" ಅಂದಳು. ಅಷ್ಟಕ್ಕೇ ಸುಮ್ಮನಾದೆ. ಓದಿನ ವೇಳಾಪಟ್ಟಿ ಒಂದನ್ನು ಮಾಡಿಕೊಟ್ಟು ಕಳಿಸಿದೆ. ಊಟದ ಬಗ್ಗೆ ಕೇಳಲೇ ಇಲ್ಲ. ಈ ಪ್ರಕರಣದಲ್ಲಿ ನನ್ನ ತಪ್ಪು ಅದು.

ಎರಡನೇ ಸಲ ಬಂದಾಗ ವೇಳಾಪಟ್ಟಿ ತಂದಿದ್ದಳು. ಪ್ರತಿ ಚೌಕಕ್ಕೂ ಒಂದು ಟಿಕ್. ಒಂದೂ ತಪ್ಪಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನ ಆಗಲಿಲ್ಲ, ಗಾಬರಿ ಆಯಿತು. ನಾನು ಕೊಟ್ಟ ವೇಳಾಪಟ್ಟಿಯನ್ನು ಹಾಗೆ ಚಾಚೂತಪ್ಪದೆ ಪಾಲಿಸಿದವರನ್ನು ನಾನು ನೋಡೇ ಇಲ್ಲ. ಬೆಳಿಗ್ಗೆ 5ರಿಂದ 7, ಸಂಜೆ 6ರಿಂದ 8 ಮಾತ್ರ ಖಾಲಿ ಬಿಟ್ಟಿದ್ದಳು.

"ಇಲ್ಲಿ ಏನು ಮಾಡ್ತೀಯ?"

"ಓಟ."

"ಕಾಲೇಜು ತಂಡದಲ್ಲಿದ್ದೀಯಾ?"

"ಇಲ್ಲ. ಸುಮ್ನೆ."

ಆಗ ಸರಿಯಾಗಿ ನೋಡಿದೆ. ಕಿಟಕಿ ಮುಚ್ಚಿದ್ದ ಕೋಣೆ. ನನಗೆ ಸೆಕೆ. ಅವಳು ಸ್ವೆಟರ್ ಹಾಕಿಕೊಂಡು, ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಹತ್ತು ನಿಮಿಷದಲ್ಲಿ ಮೂರು ಸಲ ಕೈ ಹೊರತೆಗೆದು ವಾಚ್ ನೋಡಿದಳು. ಹೊತ್ತಾಯಿತೇನೋ ಅಂದುಕೊಂಡೆ. ಅವಳು ನೋಡುತ್ತಿದ್ದದ್ದು ನಾಡಿಬಡಿತ. "ಸುಮ್ಮನೆ ಕೂತಾಗ 46 ಇದೆ" ಅಂದಳು. ಅವತ್ತು ಅವಳ ದನಿಯಲ್ಲಿ ಹೆಮ್ಮೆ ಕಂಡದ್ದು ಅದೊಂದೇ ಮಾತಿನಲ್ಲಿ.

ಇದೆಲ್ಲ ಎಂದಿನಿಂದ ಅಂತ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಪ್ರಯೋಗಾಲಯದ ಒಂದು ದಿನದ ಕತೆ ಹೇಳಿದಳು.

ದೇಹದಲ್ಲಿ ಕೊಬ್ಬಿನ ಪಾಲು ಎಷ್ಟು ಅಂತ ಲೆಕ್ಕ ಹಾಕುವ ಪ್ರಾಕ್ಟಿಕಲ್. ಕ್ಯಾಲಿಪರ್ ಅನ್ನುವ ಸಾಧನ ಇರುತ್ತೆ, ದೊಡ್ಡ ಚಿಮುಟದ ಹಾಗೆ. ಹೆಬ್ಬೆರಳು ತೋರುಬೆರಳಲ್ಲಿ ಚರ್ಮವನ್ನು ಮಡಿಕೆಯಾಗಿ ಎತ್ತಿ ಹಿಡಿದು, ಕ್ಯಾಲಿಪರ್ ಕಚ್ಚಿಸಿ, ಒಂದೆರಡು ಸೆಕೆಂಡಿಗೆ ಮಿಲಿಮೀಟರ್ ಓದಬೇಕು. ಹೆಂಗಸರಿಗಾದರೆ ತೋಳಿನ ಹಿಂಭಾಗ, ಸೊಂಟದ ಎಲುಬಿನ ಮೇಲೆ, ತೊಡೆ, ಹೀಗೆ ಮೂರು ಜಾಗ. ಜೊತೆಗಾತಿ ಓದಿ ಹೇಳಿದಳು. ಎಲ್ಲರ ಅಂಕಿಗಳನ್ನೂ ಹೆಸರಿನ ಸಮೇತ ಬೋರ್ಡಿನ ಮೇಲೆ ಬರೆದರು. ಸರಾಸರಿ ತೆಗೆಯುವುದನ್ನು ಕಲಿಸಬೇಕಿತ್ತಲ್ಲ, ಅದಕ್ಕೆ. ಇವಳ ಅಂಕಿ ಸರಾಸರಿಗಿಂತ ಸ್ವಲ್ಪ ಮೇಲಿತ್ತು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಯಾರಾದರೂ ತಮ್ಮದಕ್ಕೆ ಹೋಲಿಸಿ ನೋಡೇ ನೋಡುತ್ತಾರೆ.

ಹಿಂದಿನ ಬೆಂಚಿನಿಂದ ಯಾರೋ "ಇವಳು ಓಟಗಾರ್ತಿ ಅಲ್ವಾ?" ಅಂದರು. ಒಂದಿಬ್ಬರು ನಕ್ಕರು. ಅರ್ಧ ನಿಮಿಷದ ಮಾತು. ತರಗತಿಯಲ್ಲಿ ಬೇರೆ ಯಾರಿಗೂ ಅದು ನೆನಪಿಲ್ಲ. ಅವಳಿಗೆ ಬೋರ್ಡಿನಲ್ಲಿ ತನ್ನ ಹೆಸರು ಎಷ್ಟನೇ ಸಾಲಿನಲ್ಲಿತ್ತು ಅನ್ನುವುದೂ ನೆನಪಿದೆ. ಅವತ್ತು ಸಂಜೆ ಓಡಲು ಶುರು ಮಾಡಿದಳು. ಊಟ ಕಡಿಮೆ ಆಗುತ್ತಾ ಹೋಯಿತು. ಆರು ತಿಂಗಳಾಗಿತ್ತು.

ನಾನು ಸಮಾಧಾನ ಹೇಳಲು ಹೋಗಲಿಲ್ಲ. "ಆ ಅಂಕಿ ಎಲ್ಲಿಂದ ಬರುತ್ತೆ? ನನಗೆ ಗೊತ್ತಿಲ್ಲ, ಹೇಳಿಕೊಡು" ಅಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಪೆನ್ನು ತೆಗೆದುಕೊಂಡಳು. ಕೈ ತೊಡೆಯ ಕೆಳಗಿನಿಂದ ಹೊರಬಂತು. ಮೂರು ಅಳತೆ ಕೂಡಿಸಿ, ವಯಸ್ಸು ಸೇರಿಸಿ, ಒಂದು ಸೂತ್ರಕ್ಕೆ ಹಾಕುತ್ತಾರೆ. ಹೆಂಗಸರ ಸೂತ್ರ ಜಾಕ್ಸನ್ ಮತ್ತು ಪೊಲಾಕ್ ತಂಡ 1980ರಲ್ಲಿ ಕೊಟ್ಟದ್ದು. ಅದರಿಂದ ಸಿಗುವುದು ಕೊಬ್ಬಲ್ಲ, ದೇಹದ ಸಾಂದ್ರತೆ. ಅದನ್ನು ಮತ್ತೆ ಕೊಬ್ಬಿನ ಪಾಲಿಗೆ ತಿರುಗಿಸಲು, ಸಿರಿ ಅನ್ನುವ ವಿಜ್ಞಾನಿಯ 1961ರ ಸಮೀಕರಣಕ್ಕೆ ಹಾಕಬೇಕು. ಕೊಬ್ಬಿನ ಸಾಂದ್ರತೆ 0.9, ಉಳಿದದ್ದೆಲ್ಲ ಸೇರಿ 1.1 ಅಂತ ಅದು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತೆ. ಎಲ್ಲರ ಮೂಳೆಯೂ ಸ್ನಾಯುವೂ ಒಂದೇ ತರಹ ಇರುವುದಿಲ್ಲ. ಕೊನೆಗೆ ಬರುವ ಶೇಕಡಾ ಅಂಕಿಯೇ 3ರಿಂದ 4ರಷ್ಟು ಆಚೀಚೆ ಆಗಬಹುದು. ಅದೂ ಅಳೆಯುವವರು ಪಳಗಿದ ಕೈಯವರಾದರೆ. ಅವತ್ತು ಅಳೆದ ಗೆಳತಿ ಕ್ಯಾಲಿಪರ್ ಹಿಡಿದದ್ದು ಅದೇ ಮೊದಲ ಸಲ.

ಅವಳು ತಿದ್ದಿದ ಎರಡರಲ್ಲಿ ಒಂದು ಈ ಭಾಗದ್ದೇ. "ಕ್ಯಾಲಿಪರ್ ಕೊಬ್ಬನ್ನು ಅಳೆಯುತ್ತದೆ" ಅಂತ ನಾನು ಬರೆದಿದ್ದೆ. "ಅಳೆಯಲ್ಲ ಮೇಡಂ, ಅಂದಾಜು ಮಾಡುತ್ತೆ" ಅಂತ ಗೆರೆ ಎಳೆದಳು.

"ಹಾಗಾದರೆ ಬೋರ್ಡಿನಲ್ಲಿ ಅಂಕಿಯ ಪಕ್ಕ ಏನು ಬರೆಯಬೇಕಿತ್ತು?" ಅಂತ ಕೇಳಿದೆ.

"ಪ್ಲಸ್ ಮೈನಸ್..." ಅಂದವಳು ಅಲ್ಲೇ ನಿಂತಳು. ನಗಲಿಲ್ಲ. ಆದರೆ ವಾಚ್ ನೋಡುವುದನ್ನು ಮರೆತಿದ್ದಳು.

ಅವತ್ತಿಗೆ ಎಲ್ಲ ಸರಿಹೋಯಿತು ಅಂತ ಯಾರೂ ತಿಳಿಯಬೇಡಿ. ಮರುದಿನ ಬೆಳಿಗ್ಗೆ 5ಕ್ಕೆ ಎದ್ದು ಓಡಿದ್ದಾಳೆ. ಅಂಕಿ ಪೊಳ್ಳು ಅಂತ ಗೊತ್ತಾದ ಮಾತ್ರಕ್ಕೆ ಅದರ ಹೆದರಿಕೆ ಹೋಗುವುದಿಲ್ಲ.

ಮೂರನೇ ಭೇಟಿಯಲ್ಲಿ ನೇರವಾಗಿ ಮುಟ್ಟಿನ ಬಗ್ಗೆ ಕೇಳಿದೆ. ನಾಲ್ಕು ತಿಂಗಳಿಂದ ನಿಂತಿತ್ತು. "ಜಾಸ್ತಿ ಓಡುವವರಿಗೆ ಹಾಗಾಗುತ್ತೆ ಅಲ್ವಾ" ಅಂದಳು, ಮೇಜು ನೋಡುತ್ತಾ. ಆಗುತ್ತೆ, ನಿಜ. ಆಗುತ್ತೆ ಅಂದರೆ ಪರವಾಗಿಲ್ಲ ಅಂತ ಅರ್ಥವಲ್ಲ. ಅದನ್ನು ನಾನು ಹೇಳಬೇಕಾಗೇ ಇರಲಿಲ್ಲ. ಹಿಂದಿನ ಸೆಮಿಸ್ಟರಿನಲ್ಲಿ ಇದೇ ವಿಷಯದ ಮೇಲೆ ಪುಟಗಟ್ಟಲೆ ಉತ್ತರ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಹಿಂದೆ ಮಹಿಳಾ ಕ್ರೀಡಾಪಟುಗಳ ಮೂರು ತೊಂದರೆಗಳ ಗುಂಪು ಅನ್ನುತ್ತಿದ್ದರು: ಊಟ ಸಾಲದಿರುವುದು, ಮುಟ್ಟು ನಿಲ್ಲುವುದು, ಮೂಳೆ ಸವೆಯುವುದು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ಹಿಗ್ಗಿಸಿ ರೆಡ್-ಎಸ್, ಅಂದರೆ ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿ ಕೊರತೆ, ಅಂತ ಹೊಸ ಹೆಸರು ಕೊಟ್ಟಿತು. ಗಂಡಸರಿಗೂ ಆಗುತ್ತೆ ಅಂತ ಸೇರಿಸಿತು. ವ್ಯಾಯಾಮಕ್ಕೆ ಖರ್ಚಾಗಿ ಉಳಿಯುವ ಶಕ್ತಿ ದೇಹದ ದಿನದ ಕೆಲಸಕ್ಕೆ ಸಾಲದಿದ್ದರೆ, ದೇಹ ಒಂದೊಂದೇ ಇಲಾಖೆಯನ್ನು ಮುಚ್ಚುತ್ತಾ ಬರುತ್ತೆ. ಹಾರ್ಮೋನುಗಳನ್ನು ನಿಯಂತ್ರಿಸುವ ಮಿದುಳಿನ ಭಾಗ ಹೈಪೊಥಲಾಮಸ್, ಅದು ಸಂದೇಶ ಕಳಿಸುವುದನ್ನು ಕಡಿಮೆ ಮಾಡುತ್ತೆ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿಯುತ್ತೆ. ಮೂಳೆಗೆ ಪೆಟ್ಟು ಬೀಳುತ್ತೆ. ಚಳಿ ಆಗುತ್ತೆ. ನಾಡಿ ನಿಧಾನವಾಗುತ್ತೆ. ಗಮನ ನಿಲ್ಲುವುದಿಲ್ಲ. ತೂಕ ಮಾತ್ರ ಅಷ್ಟೇ ಇರಬಹುದು. ಅದಕ್ಕೇ ಮನೆಯವರಿಗೂ ಗೊತ್ತಾಗುವುದಿಲ್ಲ.

ಇಷ್ಟನ್ನೂ ಅವಳೇ ಹೇಳಿದಳು, ಉತ್ತರಪತ್ರಿಕೆ ಬರೆದ ಹಾಗೆ, ಒಂದರ ಹಿಂದೆ ಒಂದು. "ಚಳಿ" ಅನ್ನುವಾಗ ಸ್ವೆಟರಿನ ತೋಳು ಎಳೆದುಕೊಂಡಳು. "ನಾಡಿ ನಿಧಾನ" ಅನ್ನುವಾಗ ದನಿ ತಗ್ಗಿತು. 46 ಅನ್ನುವುದು ಚೆನ್ನಾಗಿ ಪಳಗಿದ ಹೃದಯದ ಲೆಕ್ಕವೂ ಆಗಬಹುದು, ಹಸಿದ ದೇಹ ಉಳಿತಾಯ ಮಾಡುತ್ತಿರುವ ಲೆಕ್ಕವೂ ಆಗಬಹುದು. ಅಂಕಿ ನೋಡಿ ಯಾವುದು ಅಂತ ಹೇಳಲಾಗುವುದಿಲ್ಲ. ಪುಸ್ತಕದಲ್ಲಿ ಓದಿದ ಹುಡುಗಿ ತಾನೇ ಅಂತ ಅವಳಿಗೆ ಆಗ ಹೊಳೆಯಿತು ಅಂತ ನನ್ನ ಊಹೆ. ಸ್ವಲ್ಪ ಹೊತ್ತು ಅತ್ತಳು.

ಇನ್ನು ನಾನು ಕೊಟ್ಟ ಸಲಹೆ.

ಮೊದಲು ಡಾಕ್ಟರು. ಅದರಲ್ಲಿ ಚರ್ಚೆಗೆ ಜಾಗ ಇಲ್ಲ ಅಂದೆ. ಮೂರು ತಿಂಗಳು ಮುಟ್ಟು ನಿಂತರೆ ಕಾರಣ ಹುಡುಕಲೇಬೇಕು. ಅದು ಓಟವೇ ಇರಬೇಕೆಂದಿಲ್ಲ. ಥೈರಾಯ್ಡ್ ಇರಬಹುದು, ಗರ್ಭ ಇರಬಹುದು, ಅಂಡಾಶಯದ ತೊಂದರೆ ಇರಬಹುದು. ಆಪ್ತಸಲಹೆಗಾರಳಾಗಿ ನಾನು ರೋಗದ ಹೆಸರು ಹೇಳುವಂತಿಲ್ಲ, ಹೇಳಲೂ ಇಲ್ಲ. ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಬದುಕು ಸಾಕು ಅನ್ನಿಸಿದರೆ ನನ್ನ ಅಪಾಯಿಂಟ್‌ಮೆಂಟಿಗೆ ಕಾಯಬೇಡ, ಅವತ್ತೇ ಆಸ್ಪತ್ರೆಗೆ ಹೋಗು ಅಂದೆ. ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ ಬೇರೆ ಕಾರಣಗಳನ್ನು ಬದಿಗಿಟ್ಟರು. ಡಯಟೀಶಿಯನ್ ಹತ್ತಿರವೂ, ಊಟದ ಸಮಸ್ಯೆಗಳಲ್ಲಿ ಅನುಭವ ಇರುವ ಮನಃಶಾಸ್ತ್ರಜ್ಞರ ಹತ್ತಿರವೂ ಕಳಿಸಿದರು. ಎಷ್ಟು ಓಡಬೇಕು, ಓಡಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ. ಅದು ಬರುವ ತನಕ ಸಂಜೆಯ ಓಟ ಬಿಡು ಅಂತ ಮಾತ್ರ ಕೇಳಿಕೊಂಡೆ. ಮೊದಲ ವಾರ ಬಿಡಲಿಲ್ಲ. ಎರಡನೇ ವಾರ ಬಿಟ್ಟಳು.

ವಾಚ್ ಬಗ್ಗೆ ಜಗಳವೇ ಆಯಿತು. "ಅದಿಲ್ಲದಿದ್ದರೆ ಓಡಿದ್ದು ಲೆಕ್ಕಕ್ಕೇ ಬರಲ್ಲ" ಅಂದಳು. ಎಸೆಯಬೇಡ, ಗೆಳತಿಗೆ ಕೊಡು, ಬೇಕೆಂದಾಗ ವಾಪಸ್ ತೆಗೆದುಕೋ ಅಂದೆ. ಅವತ್ತು ಕ್ಯಾಲಿಪರ್ ಹಿಡಿದಿದ್ದ ಗೆಳತಿಯ ಕೈಗೇ ಕೊಟ್ಟಳು. ಅದು ಅವಳದೇ ಆಯ್ಕೆ.

ಪ್ರಯೋಗಾಲಯದ ವಿಷಯ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಈ ಕೋರ್ಸಿನಲ್ಲಿ ವಿದ್ಯಾರ್ಥಿಯೇ ಪ್ರಯೋಗದ ವಸ್ತು. ರಸಾಯನಶಾಸ್ತ್ರದ ಮಕ್ಕಳು ಪರೀಕ್ಷಾನಳಿಕೆ ಹಿಡಿಯುತ್ತಾರೆ, ಇವರು ಪರಸ್ಪರ ತೋಳು ಹಿಡಿಯುತ್ತಾರೆ. ಟ್ರೆಡ್‌ಮಿಲ್ ಮೇಲೆ ಮಾಸ್ಕ್ ಹಾಕಿಕೊಂಡು ಸುಸ್ತಾಗುವ ತನಕ ಓಡುವುದು, ಬೆರಳು ಚುಚ್ಚಿಸಿಕೊಂಡು, ಜೋರಾಗಿ ದುಡಿದ ಸ್ನಾಯುವಿನಿಂದ ರಕ್ತಕ್ಕೆ ಸೇರುವ ಲ್ಯಾಕ್ಟೇಟ್ ಎಷ್ಟಿದೆ ಅಂತ ನೋಡುವುದು, ಎಲ್ಲವೂ ತಮ್ಮ ತಮ್ಮ ಮೈಮೇಲೆ. ಅದರಲ್ಲಿ ಕಲಿಯುವುದು ಬಹಳ ಇದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಮನುಷ್ಯರ ಮೇಲೆ ನಡೆಸುವ ಸಂಶೋಧನೆಗೆ ಒಪ್ಪಿಗೆ ಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ 1964ರ ಹೆಲ್ಸಿಂಕಿ ಘೋಷಣೆಯ ಪಾಠ ಇವರಿಗೇ ಹೇಳಿಕೊಡುತ್ತಾರೆ. ಆ ಪಾಠ ನಡೆದದ್ದು ಅದೇ ಸೆಮಿಸ್ಟರಿನಲ್ಲಿ.

ಅಳತೆಗೆ ಒಡ್ಡಿಕೊಳ್ಳುವುದು ಬೇಡ ಅನ್ನಿಸಿದರೆ ಅಂಕಿ ಬರೆದುಕೊಳ್ಳುವ ಕೆಲಸ ಕೇಳು, ಕಾರಣ ವಿವರಿಸಬೇಕಾಗಿಲ್ಲ ಅಂತ ಅವಳಿಗೆ ಹೇಳಿದೆ. ಅವಳ ಅನುಮತಿ ಪಡೆದು, ಹೆಸರು ಹೇಳದೆ, ಅಧ್ಯಾಪಕರ ಜೊತೆ ಮಾತಾಡಿದೆ. "ಇಷ್ಟು ವರ್ಷದಿಂದ ಹೀಗೇ ಮಾಡುತ್ತಾ ಬಂದಿದ್ದೇವೆ" ಅಂದರು. ಕೆಟ್ಟವರಲ್ಲ, ಯೋಚಿಸಿರಲಿಲ್ಲ ಅಷ್ಟೇ. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಈಗ ಬೋರ್ಡಿನಲ್ಲಿ ಹೆಸರು ಬರೆಯುವುದಿಲ್ಲ, ಗುಪ್ತ ಸಂಖ್ಯೆ ಇರುತ್ತೆ. ಒಲ್ಲದವರಿಗೆ ಹಳೆಯ ಬ್ಯಾಚಿನ ಹೆಸರಿಲ್ಲದ ಅಂಕಿಗಳನ್ನು ಕೊಡುತ್ತಾರೆ. ಸರಾಸರಿ ತೆಗೆಯಲು ಅಷ್ಟು ಸಾಕು.

ಓದು? ಅದಕ್ಕೆ ನಾನು ಮಾಡಿದ್ದು ಕಡಿಮೆ. ಊಟ, ನಿದ್ದೆ ಸರಿಹೋಗುತ್ತಾ ಬಂದಂತೆ ಓದಿದ್ದು ತಲೆಯಲ್ಲಿ ನಿಲ್ಲತೊಡಗಿತು. ಬಯೋಮೆಕ್ಯಾನಿಕ್ಸಿಗೆ ಮಾತ್ರ ಒಂದು ಮಾತು ಹೇಳಿದೆ: ಸೂತ್ರದಿಂದ ಶುರು ಮಾಡಬೇಡ, ಚಿತ್ರದಿಂದ ಶುರು ಮಾಡು. ಮುಂದಿನ ಸಲ ಒಂದು ಕೈಯ ಚಿತ್ರ ತಂದಳು. ಅಂಗೈಯಲ್ಲಿ 5 ಕಿಲೋ ತೂಕ, ಮೊಣಕೈಯಿಂದ 32 ಸೆಂಟಿಮೀಟರ್ ದೂರ. ತೋಳಿನ ಬೈಸೆಪ್ಸ್ ಅಂಟಿಕೊಂಡಿರುವುದು ಮೊಣಕೈಯಿಂದ ಬರೀ 4 ಸೆಂಟಿಮೀಟರಿನಲ್ಲಿ. ಅಂದರೆ ಆ 5 ಕಿಲೋ ಹಿಡಿದು ನಿಲ್ಲಲು ಸ್ನಾಯು 40 ಕಿಲೋ ಭಾರದಷ್ಟು ಎಳೆಯಬೇಕು. ನಾನು ಮೂಗಿನ ಮೇಲೆ ಬೆರಳಿಟ್ಟೆ. "ಮುಂಗೈಯ ತೂಕ ಇನ್ನೂ ಸೇರಿಸಿಲ್ಲ ಮೇಡಂ" ಅಂದಳು. ನನ್ನ ಎರಡನೇ ತಪ್ಪು ಇಲ್ಲಿತ್ತು. ನಾನು ಎಲ್ಲಾ ಸೇರಿ 40 ಅಂತ ಬರೆದಿದ್ದೆ.

ಹುಡುಗರ ಬಗ್ಗೆಯೂ ಒಂದು ಮಾತು. ಈ ಕೋರ್ಸಿನ ಹುಡುಗರಲ್ಲಿ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತೆ. ಸ್ನಾಯು ಸಾಲದು ಅನ್ನುವ ಗೀಳು, ಗಾಯವಾಗಿದ್ದರೂ ಜಿಮ್ ಬಿಡದಿರುವುದು, ಗೆಳೆಯರ ಜೊತೆ ಊಟಕ್ಕೆ ಕೂರದಿರುವುದು. ಅವರನ್ನು ನನ್ನ ಹತ್ತಿರ ಯಾರೂ ಕಳಿಸುವುದಿಲ್ಲ. ಎಷ್ಟು ಶಿಸ್ತು ನೋಡಿ ಅಂತ ಬೆನ್ನು ತಟ್ಟುತ್ತಾರೆ.

ಈಗ ಎಂಟು ತಿಂಗಳಾಗಿದೆ. ಐದನೇ ತಿಂಗಳಲ್ಲಿ ಮುಟ್ಟು ಬಂತು, ಆಮೇಲೆ ಒಂದು ತಿಂಗಳು ತಪ್ಪಿತು, ಮತ್ತೆ ಬಂತು. ಡಾಕ್ಟರ ಭೇಟಿ ನಡೆಯುತ್ತಲೇ ಇದೆ. ಬಯೋಮೆಕ್ಯಾನಿಕ್ಸಿನಲ್ಲಿ ಪಾಸಾಗಿದ್ದಾಳೆ, ಜಾಸ್ತಿ ಅಂಕವೇನಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕ್ಯಾಲಿಪರ್ ಅಳತೆಯಲ್ಲಿ ಆಗುವ ತಪ್ಪುಗಳನ್ನೇ ಆರಿಸಿಕೊಂಡಿದ್ದಾಳೆ. ಅದು ಬೇಡ, ಬೇರೆ ವಿಷಯ ನೋಡು ಅಂತ ನಾನು ಹೇಳಿದ್ದೆ. ಕೇಳಲಿಲ್ಲ. ಅಳೆಯುವುದು ಬೇರೆಯವರನ್ನು ಮಾತ್ರ, ತನ್ನನ್ನಲ್ಲ ಅನ್ನುವ ಷರತ್ತಿಗೆ ಒಪ್ಪಿದಳು. ಅವಳ ಮನಃಶಾಸ್ತ್ರಜ್ಞರೂ ಸರಿ ಅಂದಿದ್ದಾರೆ. ನನಗೆ ಒಳಗೊಳಗೆ ಇನ್ನೂ ಅಳುಕಿದೆ.

ವಾಚ್ ಗೆಳತಿಯ ಹತ್ತಿರವೇ ಇದೆ. ಅವಳು ವಾಪಸ್ ಕೇಳಿಲ್ಲ. ಬೇಡ ಅಂತಲೂ ಹೇಳಿಲ್ಲ.