ಲೆನ್ಸ್‌ಮನ್ ಸರಣಿಯ ಮೊದಲ ಪುಸ್ತಕ 60 ಪುಟಕ್ಕೇ ನಿಂತುಹೋಗಿದೆ. ವಿಜ್ಞಾನವೆಲ್ಲ ಹಳತಾದ ಇಂಥ ಬಾಹ್ಯಾಕಾಶ ಸಾಹಸಗಳನ್ನು ಈಗ ಓದಬಹುದೇ?

ನಾನು ನಿಂತದ್ದೂ ಹೆಚ್ಚುಕಡಿಮೆ ಅಲ್ಲೇ. ಕಾಲೇಜು ಮುಗಿಸಿದ ವರ್ಷ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಇ. ಇ. 'ಡಾಕ್' ಸ್ಮಿತ್ ಬರೆದ ಆರೂ ಪುಸ್ತಕ ಒಂದೇ ಕಟ್ಟಿನಲ್ಲಿ ಸಿಕ್ಕಿದ್ದವು. ಹಿಂದೆ ಇಟ್ಟುಕೊಂಡಿದ್ದವರು ಯಾರೋ ಬೆನ್ನಿನ ಮೇಲೆ ಪೆನ್ನಿನಲ್ಲಿ 1ರಿಂದ 6ರವರೆಗೆ ನಂಬರು ಬರೆದಿದ್ದರು. ನಾನು 1 ಅಂತ ಇದ್ದದ್ದನ್ನೇ ಎತ್ತಿಕೊಂಡೆ. ಆದ ತಪ್ಪು ಅದೊಂದೇ.

ಇದನ್ನು ಬಿಡಿಸಿ ಹೇಳಲೇಬೇಕು. ಆ ನಂಬರ್ 1, ಅಂದರೆ 'ಟ್ರೈಪ್ಲಾನೆಟರಿ', 1934ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅದಕ್ಕೂ ಲೆನ್ಸ್‌ಮನ್ ಕಥೆಗೂ ಸಂಬಂಧವೇ ಇರಲಿಲ್ಲ. ಲೆನ್ಸ್‌ಮನ್ ಶುರುವಾದದ್ದು 1937ರ ಸೆಪ್ಟೆಂಬರಿನಲ್ಲಿ, 'ಅಸ್ಟೌಂಡಿಂಗ್' ಪತ್ರಿಕೆಯ 'ಗ್ಯಾಲಕ್ಟಿಕ್ ಪೆಟ್ರೋಲ್' ಧಾರಾವಾಹಿಯಿಂದ. ಅಲ್ಲಿಂದ ಬಿಟ್ಟು ಬಿಟ್ಟು ನಾಲ್ಕು ಕಾದಂಬರಿ ಬಂದು 1948ಕ್ಕೆ ಮುಗಿದವು. ಅದೇ ವರ್ಷ ಸ್ಮಿತ್ ಹಳೆಯ ಟ್ರೈಪ್ಲಾನೆಟರಿಯ ಮುಂದೆ ಆರು ಹೊಸ ಅಧ್ಯಾಯ ಸೇರಿಸಿ (ಅಟ್ಲಾಂಟಿಸ್, ರೋಮ್, ಎರಡು ಮಹಾಯುದ್ಧಗಳು ಎಲ್ಲ ಅದರಲ್ಲೇ ಬರುವುದು) ಅದನ್ನು ಸರಣಿಯ ತಲೆಗೆ ಕಟ್ಟಿದರು. ಆ ಮೊದಲ ಅಧ್ಯಾಯದಲ್ಲೇ ಅರಿಸಿಯಾ, ಎಡ್ಡೋರ್ ಎಂಬ ಎರಡು ವೈರಿ ಲೋಕಗಳ ಗುಟ್ಟು ಬಯಲು! ಪತ್ರಿಕೆಯ ಓದುಗರು ಹತ್ತು ವರ್ಷ ಕಾದು ತಿಳಿದುಕೊಂಡ ಗುಟ್ಟು ಅದು. ಒಬ್ಬ ಶತ್ರುವನ್ನು ಸೋಲಿಸಿದರೆ ಅವನ ಮೇಲೊಬ್ಬ, ಅವನ ಮೇಲೆ ಮತ್ತೊಬ್ಬ ಅಂತ ಮೆಟ್ಟಿಲು ಹತ್ತಿಸುವುದರಲ್ಲೇ ಈ ಕಥೆಯ ಜೀವ ಇರುವುದು. ನಾವಿಬ್ಬರೂ ನೇರ ಮಹಡಿಗೆ ಹೋಗಿ ಕೂತೆವು.

ಬೇಸರ ಬಂದು, ಮನೆ ಬದಲಿಸುವಾಗ ಆರನ್ನೂ ತೂಕಕ್ಕೆ ಹಾಕಿಬಿಟ್ಟೆ. ಆಮೇಲೆ 11 ವರ್ಷ ಈ ಕಡೆ ತಲೆ ಹಾಕಲಿಲ್ಲ. ಓದದೆಯೇ "ಅದೆಲ್ಲ ಹಳೇ ಸರಕು" ಅಂತ ಎಷ್ಟು ಜನರಿಗೆ ಹೇಳಿದ್ದೇನೋ, ನೆನೆದರೆ ಈಗಲೂ ಸಂಕಟವಾಗುತ್ತೆ.

ಒಂದು ಮಳೆಗಾಲ ಗೆಳೆಯನ ಮನೆಯಲ್ಲಿ ರಟ್ಟು ಕಿತ್ತುಹೋದ 'ಗ್ಯಾಲಕ್ಟಿಕ್ ಪೆಟ್ರೋಲ್' ಕೈಗೆ ಸಿಕ್ಕಿತು. ಕಥಾನಾಯಕ ಕಿಂಬಲ್ ಕಿನ್ನಿಸನ್‌ನ ಮಣಿಕಟ್ಟಿನಲ್ಲಿರುವ ಲೆನ್ಸ್ ಎಂಬ ಬಿಲ್ಲೆ ಅವನ ಮೈಮೇಲಿದ್ದರಷ್ಟೇ ಬಣ್ಣಬಣ್ಣವಾಗಿ ಮಿನುಗುತ್ತದೆ, ಬೇರೆಯವರು ತೊಟ್ಟರೆ ಸಾವೇ. ಮುಂದೆ ಡೆಲ್ಗಾನ್ ಗ್ರಹದಲ್ಲಿ ವರ್ಸೆಲ್ ಎದುರಾಗುತ್ತಾನೆ. ರೆಕ್ಕೆಯಿರುವ ಹಾವಿನಂಥ ದೊಡ್ಡ ಮೈ, ದಂಟಿನ ತುದಿಯಲ್ಲಿ ಕಣ್ಣುಗಳು. ಇವನನ್ನು ಕೊಲ್ಲುತ್ತಾರೆ ಅಂತಲೇ ಪುಟ ತಿರುಗಿಸಿದೆ. ಅವನೇ ಕಿನ್ನಿಸನ್‌ನ ಪ್ರಾಣಸ್ನೇಹಿತನಾದ, ಬುದ್ಧಿಯಲ್ಲಿ ಅವನಿಗೆ ಸರಿಸಮ. 1937ರಲ್ಲಿ ಬರೆದದ್ದು ಇದು!

ವಿಜ್ಞಾನ ಹಳತಾಯಿತು ಅನ್ನುವುದನ್ನು ನಾನು ಒಪ್ಪಲ್ಲ. ಹಡಗಿನ ಜಡತ್ವವನ್ನೇ ಇಲ್ಲವಾಗಿಸುವ ಯಂತ್ರ ಆಗಲೂ ಕಲ್ಪನೆ, ಈಗಲೂ ಕಲ್ಪನೆ. ಆದರೆ ಸ್ಮಿತ್ ಕೆಮಿಕಲ್ ಇಂಜಿನಿಯರಿಂಗ್ ಓದಿದವರು, ಡೋನಟ್ ಹಿಟ್ಟಿನ ಮಿಶ್ರಣ ರೂಪಿಸುವ ಕೆಲಸದಲ್ಲಿದ್ದವರು. ಕಲ್ಪನೆಗೂ ಲೆಕ್ಕ ತಪ್ಪಿಸುವುದಿಲ್ಲ. ಜಡತ್ವವಿಲ್ಲದ ಹಡಗು ಏನಕ್ಕಾದರೂ ತಗುಲಿದರೆ ಗೀರೂ ಬೀಳದೆ ಅಲ್ಲೇ ನಿಲ್ಲುತ್ತದೆ. ಜಡತ್ವ ಮರಳಿದ ಕ್ಷಣ ಮೊದಲಿದ್ದ ವೇಗವೂ ಮರಳುತ್ತದೆ, ಹಾಗಾಗಿ ನೆಲಕ್ಕಿಳಿಯುವ ಮೊದಲು ಗ್ರಹದ ವೇಗಕ್ಕೆ ಹೊಂದಿಸಿಕೊಳ್ಳಲೇಬೇಕು. ನಿಜವಾಗಿ ಹಳತಾಗಿರುವುದು ಹೆಣ್ಣುಮಕ್ಕಳ ಬಗ್ಗೆ ಆಡುವ ಮಾತು. ಅದು ನನಗೂ ಚುಚ್ಚುತ್ತೆ, ಸಮರ್ಥಿಸಲ್ಲ.

ಕೈಯಲ್ಲಿರುವುದನ್ನು ಇವತ್ತೇ ಮುಚ್ಚಿಡಿ. 'ಗ್ಯಾಲಕ್ಟಿಕ್ ಪೆಟ್ರೋಲ್'ನಿಂದ ಶುರುಮಾಡಿ 3, 4, 5, 6 ಓದಿ, ಆಮೇಲೆ 1 ಮತ್ತು 2. ದಿನಕ್ಕೊಂದೇ ಅಧ್ಯಾಯ, ಎಷ್ಟೇ ಆಸೆಯಾದರೂ ಎರಡಾಗಬಾರದು. ನಮ್ಮಮ್ಮ ವಾರಪತ್ರಿಕೆ ಬಂದ ಕೂಡಲೇ ಧಾರಾವಾಹಿಯ ಪುಟ ಬಿಡಿಸಿ ಓದಿ, ಮುಂದಿನ ಸಂಚಿಕೆಯವರೆಗೂ ಅದೇ ಮಾತಾಡುತ್ತಿದ್ದರು. ಇವೂ ಹಾಗೆ ಕಾದು ಓದಲೆಂದೇ ಬರೆದ ಕಥೆಗಳು. ಒಂದೇ ವಾರಾಂತ್ಯದಲ್ಲಿ ಮುಗಿಸಲು ಹೊರಟರೆ ಎಲ್ಲ ಯುದ್ಧಗಳೂ ಒಂದೇ ಥರ ಕಾಣುತ್ತವೆ.

ನಂಬರ್ 1ನ್ನು ನಾನು ಎಲ್ಲಕ್ಕಿಂತ ಕೊನೆಗೆ ಮತ್ತೆ ಕೊಂಡು ಓದಿದೆ. ಹಿಂದೆ ಆಕಳಿಸುತ್ತ ದಾಟಿದ್ದ ಅದೇ ರೋಮ್ ಅಧ್ಯಾಯ. ಈ ಸಲ ನೀರೋ ಬಂದ ಕೂಡಲೇ ಅವನೊಳಗೆ ಕೂತಿರುವವನು ಯಾರೆಂದು ನನಗೆ ಗೊತ್ತಿತ್ತು, ಅವನಿಂದ ಮುಂದೆ ಏನೇನು ಆಗಲಿದೆ ಅನ್ನುವುದೂ ಗೊತ್ತಿತ್ತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ತಿಳಿಯಲಿಲ್ಲ.