ಲೆನ್ಸ್ ಹಾಕಿಕೊಂಡೇ ಮಲಗಿದ್ದೆ, ಎರಡು ದಿನದಿಂದ ಕಣ್ಣು ಕೆಂಪು, ನೋವು. ಮೆಡಿಕಲ್ ಶಾಪ್‌ನ ಡ್ರಾಪ್ಸ್ ಸಾಕಾ? ನಲ್ಲಿ ನೀರಿನಿಂದ ಅಮೀಬಾ ಬರುತ್ತೆ ಅನ್ನೋದು ನಿಜಾನಾ?

ಡ್ರಾಪ್ಸ್ ಸಾಕಾಗುವುದಿಲ್ಲ. ಲೆನ್ಸ್ ಇನ್ನೂ ಕಣ್ಣಲ್ಲೇ ಇದ್ದರೆ ಮೊದಲು ತೆಗೆಯಿರಿ. ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ನಾಳೆ ನೋಡೋಣ ಅನ್ನಬೇಡಿ.

ನಾನು ಕಣ್ಣಾಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಲೆನ್ಸ್ ಹಾಕುವವರು ನೋವು ಅಂತ ಬಂದರೆ ಸುಮ್ನೆ ಮದ್ರಾಸ್ ಐ ಅಂದುಕೊಂಡು ಕಳಿಸುವುದಿಲ್ಲ. ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ರೆಪ್ಪೆಯೊಳಗೆ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡುತ್ತೇವೆ. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಹುಣ್ಣಾಗಿದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಡಾಕ್ಟರ್ ಮರಗಟ್ಟುವ ಡ್ರಾಪ್ಸ್ ಹಾಕಿ, ಹುಣ್ಣಿನಿಂದ ಚೂರು ಕೆರೆದು ಲ್ಯಾಬಿಗೆ ಕಳಿಸುತ್ತಾರೆ.

ಹೋಗುವಾಗ ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಎಲ್ಲ ತೆಗೆದುಕೊಂಡು ಹೋಗಿ. ದಯವಿಟ್ಟು ತೊಳೆಯಬೇಡಿ. ಲ್ಯಾಬಿನವರಿಗೆ ಬೇಕಾಗಿರುವುದೇ ಆ ಕೊಳೆ!

ಮೆಡಿಕಲ್ ಶಾಪ್‌ನಲ್ಲಿ ಕೊಡುವ ಎಷ್ಟೋ ಡ್ರಾಪ್ಸ್‌ನಲ್ಲಿ ಆ್ಯಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಕ್ರಿಮಿ ಆರಾಮಾಗಿ ಬೆಳೆಯುತ್ತಿರುತ್ತದೆ. ನನಗೆ ಅಮೀಬಾಗಿಂತ ಇದರದ್ದೇ ಭಯ ಜಾಸ್ತಿ.

ಲೆನ್ಸ್‌ನವರಲ್ಲಿ ಹೆಚ್ಚಾಗಿ ಕಾಣುವುದು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿಸಿಬಿಡಬಲ್ಲದು. ಅದಕ್ಕೇ ಮೊದಮೊದಲು ಗಂಟೆಗೊಂದು ಸಲ ಡ್ರಾಪ್ಸ್, ರಾತ್ರಿಯೂ ಅಲಾರಾಂ ಇಟ್ಟುಕೊಂಡು. ಫಂಗಸ್ ಆದರೆ ಅದನ್ನು ಕೊಲ್ಲುವ ನಾಟಮೈಸಿನ್ ಡ್ರಾಪ್ಸ್, ವಾರಗಟ್ಟಲೆ.

ಅಮೀಬಾ ವಿಷಯವೂ ನಿಜವೇ. ಅಕಾಂತಮೀಬಾ ಅನ್ನುವ ಈ ಅಮೀಬಾ ನಲ್ಲಿ ನೀರು, ಟ್ಯಾಂಕ್, ಸ್ವಿಮಿಂಗ್ ಪೂಲ್ ಎಲ್ಲಾ ಕಡೆ ಇರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಬಹುತೇಕ ಲೆನ್ಸ್ ಹಾಕುವವರ ಕಾಯಿಲೆ. ನಮ್ಮ ದೇಶದಲ್ಲಿ ಮಾತ್ರ ಕಣ್ಣಿಗೆ ಮಣ್ಣು, ಕೊಳಕು ನೀರು ಬಿದ್ದವರಲ್ಲೇ ಹೆಚ್ಚು. ಮೊದಲಿಗೆ ಹರ್ಪಿಸ್ ಅನ್ನುವ ವೈರಸ್ ಸೋಂಕಿನ ಥರ ಕಾಣಿಸುವುದರಿಂದ ಡಾಕ್ಟರಿಗೂ ದಾರಿ ತಪ್ಪುತ್ತದೆ. ನೀವು ಲೆನ್ಸ್ ಹಾಕುತ್ತೀರಿ, ಸ್ನಾನದಲ್ಲೂ ತೆಗೆಯುವುದಿಲ್ಲ ಅಂತಿದ್ದರೆ ಬಾಯಿಬಿಟ್ಟು ಹೇಳಿ. ಅಮೀಬಾ ಇದ್ದರೆ ಅದನ್ನು ಕೊಲ್ಲುವ ಪಿಎಚ್‌ಎಂಬಿ, ಕ್ಲೋರ್‌ಹೆಕ್ಸಿಡಿನ್ ಡ್ರಾಪ್ಸ್ ಕೊಡುತ್ತಾರೆ. ಅಮೀಬಾ ಗಟ್ಟಿ ಕವಚದೊಳಗೆ ಸೇರಿಕೊಳ್ಳುವುದರಿಂದ ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ. ಕಲೆ ಉಳಿದು ದೃಷ್ಟಿ ಮಂಜಾದರೆ ಕಾರ್ನಿಯಾ ಕಸಿಯೂ ಬೇಕಾಗಬಹುದು.

ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಡಿ, ಮುಚ್ಚಿದ ಬೆಚ್ಚನೆ ಜಾಗ ಬ್ಯಾಕ್ಟೀರಿಯಾಗೆ ಹಬ್ಬ. ಬೆಳಕು ಚುಚ್ಚಿದರೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೋಗಿ. ಗಾಡಿ ಮಾತ್ರ ನೀವು ಓಡಿಸಬೇಡಿ.